ಉಡಿಗೆ ಬಿದ್ದ ಮುಕ್ಕು ರೂಪಾಯಿ

ಅಷ್ಟೂರಿನ ಒಬ್ಬ ಹುಡುಗಿ ಮೊನ್ನೆ ಫೋನ್ ಮಾಡಿದ್ದಳು. "ಆಂಟಿ, ನಾನೂ ನಿಮ್ಮಂಗ ನಾಣ್ಯ ನೋಡಿ ಬೆಲಿ ಹೇಳೂದು ಕಲೀಬೇಕಂತ ಮಾಡೀನ್ರಿ. ಇದರಾಗ ಸ್ಕೋಪ್ ಅದ ಏನ್ರಿ?" ಎಂದು ಕೇಳಿದಳು. ನನಗೆ ನಗು ತಡೆಯಲಾಗಲಿಲ್ಲ. ಸ್ಕೋಪ್ ಇದೆಯೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ ಮಗಳೇ. ಆದರೆ, ಮೈ ಗುಡ್‌ನೆಸ್, ಮಜಾ ಮಾತ್ರ ಇದೆ. ಅಂಗಡಿಯಿಂದ ರಿಟೈರ್ ಆದಮೇಲೆ ನಾನು ಕಳೆದುಕೊಂಡದ್ದು ಸಂಬಳವನ್ನಲ್ಲ, ದಿನಕ್ಕೊಂದು ಹೊಸ ಹುಚ್ಚನ್ನು.

ಕೆಲಸ ಇಷ್ಟೇ. ಟಂಕಸಾಲೆಯಲ್ಲಿ ನಾಣ್ಯ ಅಚ್ಚಾಗುವಾಗ ಒಮ್ಮೊಮ್ಮೆ ಸಣ್ಣ ಎಡವಟ್ಟು ಆಗುತ್ತದೆ. ಚಿತ್ರ ಪಕ್ಕಕ್ಕೆ ಸರಿದಿರುತ್ತದೆ, ಅಂಚು ಸವೆದಂತಿರುತ್ತದೆ, ಅಕ್ಷರ ಎರಡೆರಡು ಬಿದ್ದಿರುತ್ತದೆ. ಅಂಥದ್ದಕ್ಕೆ ನಾಣ್ಯ ಕೂಡಿಡುವ ಕೆಲವು ಕಲೆಕ್ಟರ್‌ಗಳು ಪ್ರಾಣ ಬಿಡುತ್ತಾರೆ. ಆದರೆ ಎಲ್ಲ ಕುಂದಿಗೂ ಬೆಲೆ ಇರುವುದಿಲ್ಲ. ಯಾವುದಕ್ಕಿದೆ, ಯಾವುದಕ್ಕಿಲ್ಲ ಎಂದು ಹೇಳುವುದೇ ನಮ್ಮ ಉದ್ಯೋಗ. ಬಹುತೇಕ ಉತ್ತರ "ಇಲ್ಲ". ಆ "ಇಲ್ಲ"ವನ್ನು ಚಹಾ ಕುಡಿಸಿ ಹೇಳಬೇಕು. ಅಪರೂಪಕ್ಕೆ "ಹೌದು" ಎನ್ನುವಾಗ ಇನ್ನೂ ಹುಷಾರಾಗಿರಬೇಕು. ನಾವು ಹೇಳಿದ ಒಂದು "ಹೌದು" ಭಾಲ್ಕಿಯಲ್ಲಿ ಮುರಿಯುತ್ತಿದ್ದ ಮದುವೆಯೊಂದನ್ನು ಉಳಿಸಿತು, ಮರುಗಳಿಗೆಯಲ್ಲಿ ಅದೇ ಮದುವೆಯನ್ನು ಮುರಿಯಲು ಹೊರಟಿತು. ಆ ಕಥೆಯನ್ನು ಹೇಳಲೆಂದೇ ಕುಳಿತಿದ್ದೇನೆ. ಆದರೆ ವಯಸ್ಸಾದವರು ನೇರ ದಾರಿಯಲ್ಲಿ ಹೋಗುವುದಿಲ್ಲ, ನೀವು ಸ್ವಲ್ಪ ಸಹಿಸಿಕೊಳ್ಳಬೇಕು.

ನಾನು ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ಓದಿದವಳು. ಮದುವೆಯಾಗಿ ಬೀದರಿಗೆ ಬಂದಾಗ ನನ್ನ ಹತ್ತಿರ ಇದ್ದ ಆಸ್ತಿ ಎಂದರೆ ಇಂಗ್ಲಿಷು ಮತ್ತು ಸಿಸ್ಟರ್ ಬೆನೆಡಿಕ್ಟಾ ಬೆರಳ ಗೆಣ್ಣಿಗೆ ಹೊಡೆದು ಕಲಿಸಿದ ಕರ್ಸಿವ್ ಬರಹ. ಚೌಬಾರಾದ ಹತ್ತಿರದ ಗಲ್ಲಿಯಲ್ಲಿ ಮೋಯಿನ್ ಸಾಹೇಬರ ಅಂಗಡಿ ಇತ್ತು. ಬಿದರಿ ಹುಕ್ಕಾ, ತುಕ್ಕು ಹಿಡಿದ ಬೀಗ, ಗೋಡೆ ಗಡಿಯಾರ, ಹಳೆಯ ನಾಣ್ಯ ಎಲ್ಲ ಅಲ್ಲಿ ಒಂದರ ಮೇಲೊಂದು ಬಿದ್ದಿರುತ್ತಿದ್ದವು. ಹೊರ ಊರಿನ ಕಲೆಕ್ಟರ್‌ಗಳಿಗೆ ಇಂಗ್ಲಿಷ್ ಪತ್ರ ಬರೆಯಲು ಅವರಿಗೆ ಒಬ್ಬರು ಬೇಕಾಗಿದ್ದರು. ನಾನು ಬರೆದು ತೋರಿಸಿದ ಪತ್ರವನ್ನು ಸಾಹೇಬರು ತಲೆಕೆಳಗಾಗಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ "ಮ್ಯಾಡಮ್, ಇವು ಹರಫ್ ಅಲ್ಲ, ಮೋತಿ" ಎಂದರು, ಅಕ್ಷರವಲ್ಲ, ಮುತ್ತು. ಅಪಾಯಿಂಟ್‌ಮೆಂಟ್ ಆಯಿತು! ಆ ಮಾತನ್ನು ಸಿಸ್ಟರ್‌ಗೆ ತಿಳಿಸಬೇಕೆಂದು ಎಷ್ಟೋ ವರ್ಷ ಅಂದುಕೊಂಡೆ. ತಿಳಿಸಲಾಗಲಿಲ್ಲ. ಈಗ ಸಿಸ್ಟರೂ ಇಲ್ಲ, ಕಾನ್ವೆಂಟಿನಲ್ಲಿ ಅವರು ಬೆಳೆಸಿದ ಗುಲಾಬಿ ಗಿಡಗಳೂ ಇಲ್ಲವಂತೆ.

ಸಾಹೇಬರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಆದರೆ ಕಣ್ಣಿತ್ತು. ಅವರ ಮೊದಲ ಪಾಠ ಇದು: "ಹುಟ್ಟಿನ ಮಚ್ಚಿ ಬ್ಯಾರೆ, ಬಿದ್ದ ಗಾಯ ಬ್ಯಾರೆ. ಶೌಕೀನ್ ಮಂದಿ ಮಚ್ಚಿಗಿ ರೊಕ್ಕ ಕೊಡ್ತಾರ, ಗಾಯಕ್ಕ ಕೊಡೂದಿಲ್ಲ." ಟಂಕಸಾಲೆಯೊಳಗೆ ಆದದ್ದು ಮಚ್ಚೆ. ಹೊರಗೆ ಬಂದ ಮೇಲೆ ಸುತ್ತಿಗೆಯಿಂದಲೋ ರೈಲಿನ ಗಾಲಿಯಿಂದಲೋ ಆದದ್ದು ಗಾಯ. ಇದೊಂದನ್ನು ಕಲಿತರೆ ಅರ್ಧ ಕಲಿತಂತೆ. ಉಳಿದರ್ಧ ಎಂದರೆ ಮನುಷ್ಯರು.

ಗಾಂಧಿ ಗಂಜಿನ ಒಬ್ಬ ಅಡತಿ ವ್ಯಾಪಾರಿ ಉಸಿರುಗಟ್ಟಿ ಓಡಿಬಂದರು. "ಮ್ಯಾಡಮ್, ಎಲ್ಲಾರ ನಾಣ್ಯದಾಗ ಮೂರು ಸಿಂಹ ಕಾಣ್ತಾವ. ನನ್ನದರಾಗ ನಾಕನೇದ್ದೂ ಕಾಣ್ತದ ನೋಡ್ರಿ!" ಎಂದು ಅಂಗೈ ಬಿಚ್ಚಿದರು. ನಿಜ! ಮೂರನೆಯ ಸಿಂಹದ ಪಕ್ಕದಲ್ಲಿ ಇನ್ನೊಂದು ಉಬ್ಬು, ಅದಕ್ಕೆ ಮೂಗು ಕೂಡ ಇತ್ತು. ನಾನು ಭೂತಗನ್ನಡಿ ಹುಡುಕುತ್ತ ಡ್ರಾಯರ್ ತೆಗೆದೆ. ಅಷ್ಟರಲ್ಲಿ ಟೇಬಲ್ ಮೇಲಿನ ಇರುವೆಗಳು ನನಗಿಂತ ಮೊದಲೇ ಪರೀಕ್ಷೆ ಆರಂಭಿಸಿದ್ದವು. ಸಾಲಾಗಿ ಬಂದು ನಾಲ್ಕನೆಯ ಸಿಂಹದ ಮೂಗನ್ನೇ ಹಿಡಿದುಕೊಂಡವು. ಬೆಲ್ಲ! ಗಂಜಿನ ಬೆಲ್ಲ ಒಣಗಿ ಕಲ್ಲಾಗಿತ್ತು. ಅವರೂ ನಕ್ಕರು, ಆದರೆ ಹೋಗುವಾಗ "ಬೆಲ್ಲ ತೆಗದ ಮ್ಯಾಲ ಒಮ್ಮೆ ನೋಡ್ರಿ, ಕೆಳಗ ಖರೇ ಸಿಂಹ ಇದ್ರ?" ಎಂದರು. ಆಸೆ ಎಂದರೆ ಅದು.

ನಮ್ಮ ಕಡೆಯವರೇ ಮಾಡಬಲ್ಲ ತಪ್ಪು ಇನ್ನೊಂದಿದೆ. ಔರಾದಿನ ಒಬ್ಬ ಮಾಸ್ತರರ ಹತ್ತಿರ ಹಳದಿ ಲೋಹದ ಹಳೆಯ ಇಪ್ಪತ್ತು ಪೈಸೆ ಇತ್ತು. ತಾವರೆ ಅರ್ಧಕ್ಕರ್ಧ ಅಂಚಿನಾಚೆ ಜಾರಿಹೋಗಿತ್ತು. ಇದು ನಿಜವಾದ ಮಚ್ಚೆ, ದೊಡ್ಡ ಮಚ್ಚೆ. ಆಗ ವಾಟ್ಸಾಪ್ ಎಲ್ಲಿ ಬರಬೇಕು? ಹಾಳೆಯ ಕೆಳಗಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ಕಳಿಸಿದ್ದರು. ಅದನ್ನು ನೋಡಿ ಸಾಹೇಬರಿಗೆ ಊಟ ಸೇರಲಿಲ್ಲ. ಮಾಸ್ತರರು ಖುದ್ದಾಗಿ ತಂದು ಟೇಬಲ್ ಮೇಲಿಟ್ಟಾಗ ನಾಣ್ಯ ದೇವರ ಮುಂದಿನ ದೀಪದಂತೆ ಥಳಥಳ ಎನ್ನುತ್ತಿತ್ತು. "ನಿಮ್ಮಂಥೋರ ಮುಂದ ಹೊಲಸ ಮಾರಿ ತೋರಸಬಾರದಂತ ಹುಣಸಿಹಣ್ಣು, ಬೂದಿ ಹಚ್ಚಿ ತಿಕ್ಕಿ ತಂದೀನ್ರಿ" ಎಂದರು, ಹೆಮ್ಮೆಯಿಂದ. ಲಕ್ಷ್ಮೀ ಪೂಜೆಗೆ ನಾಣ್ಯ ತೊಳೆಯುವ ಕೈ ಅದು, ಯಾರನ್ನು ಬೈಯುವುದು? ಕಲೆಕ್ಟರನಿಗೆ ಬೇಕಾದದ್ದು ಆ ಹೊಲಸು ಮಾರಿಯೇ. ಸಾಹೇಬರು ಎದ್ದು ಹಿತ್ತಲಿಗೆ ಹೋಗಿ ಬಹಳ ಹೊತ್ತು ನಿಂತು ಬಂದರು.

ಮುಂದೆ ಕಾಲ ಬದಲಾಯಿತು. ಮೊಬೈಲಿನಲ್ಲಿ ವಿಡಿಯೋಗಳು ಬಂದವು. ಹಳೆಯ ಐದು ರೂಪಾಯಿಗೆ ಲಕ್ಷಗಟ್ಟಲೆ ಎಂದು ಯಾರೋ ಕೂಗುವುದು, ಮರುದಿನ ಬಸ್ ತುಂಬ ಜನ ನಮ್ಮ ಅಂಗಡಿಗೆ ಬರುವುದು. ನಮ್ಮ "ಇಲ್ಲ"ವನ್ನು ಯಾರೂ ನಂಬದ ಕಾಲ ಅದು. ಭಾಲ್ಕಿಯ ಘಟನೆ ನಡೆದದ್ದು ಆಗಲೇ.

ರೇಖಾ ಎಂಬ ಹುಡುಗಿ ನಮ್ಮ ಅಂಗಡಿಯ ಎದುರಿನ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದಳು. ಊರು ಔರಾದ ತಾಲೂಕಿನ ಠಾಣಾ ಕುಶನೂರ. ಮಧ್ಯಾಹ್ನ ಡಬ್ಬಿ ತಂದು ನನ್ನ ಜೊತೆಯೇ ಉಣ್ಣುತ್ತಿದ್ದಳು. ಭಾಲ್ಕಿಯ ದನದ ದವಾಖಾನೆಯಲ್ಲಿ ಕೆಲಸ ಮಾಡುವ ವಿನೋದನೊಂದಿಗೆ ಅವಳ ಸಂಬಂಧ ಕೂಡಿತ್ತು. ಹಿರಿಯರು ಕೂಡಿಸಿದ್ದು ಹೆಸರಿಗೆ. ಇವರಿಬ್ಬರ ಫೋನ್ ಮಾತು ಎಷ್ಟೋ ದಿನದಿಂದ ನಡೆದಿತ್ತು, ನನಗೊಬ್ಬಳಿಗೆ ಗೊತ್ತಿತ್ತು. ವಿನೋದನ ಹೆಸರು ಬಂದರೆ ಅವಳು ರೊಟ್ಟಿ ಮುರಿಯುವುದನ್ನೇ ಮರೆಯುತ್ತಿದ್ದಳು.

ಭಾಲ್ಕಿಯಲ್ಲಿ ಅವರ ಸಕ್ಕರೆ ಪುಡಿ, ಅಂದರೆ ನಿಶ್ಚಿತಾರ್ಥ. ಅವತ್ತು ಮುಂಜಾನೆ ಅವಳ ಫೋನ್ ಬಂತು. ಅಳುತ್ತಿದ್ದಳು. "ಮ್ಯಾಡಮ್, ಒಂದು ರೂಪಾಯಿ ನೋಡಿ ಹೇಳಬೇಕಾಗ್ಯದ, ನೀವು ಈಗಿಂದೀಗ ಬರ್ರಿ. ನೀವು ಬರಲಿಲ್ಲಂದ್ರ ನನ್ನ ಮದಿವಿ ಇವತ್ತೇ ಮುರೀತದ್ರಿ."

ನಾನು ಭೂತಗನ್ನಡಿ ತೆಗೆದುಕೊಂಡು ಹೊರಟೆ. ಸಾಹೇಬರಿಗೆ ಆಗಲೇ ಮಂಡಿ ನೋವು. "ನೀವು ಬ್ಯಾಡ್ರಿ ಸಾಹೇಬ್ರ" ಎಂದರೂ ಕೇಳದೆ ನನಗಿಂತ ಮೊದಲೇ ಬಸ್ಸಿನಲ್ಲಿ ಸೀಟು ಹಿಡಿದಿದ್ದರು.

ವಿನೋದನ ಮನೆ ತಲುಪಿದಾಗ ಪಡಸಾಲೆಯಲ್ಲಿ ಎರಡು ಗುಂಪು. ಒಂದು ಗೋಡೆಗೆ ಕುಶನೂರಿನವರು, ಇನ್ನೊಂದು ಗೋಡೆಗೆ ಭಾಲ್ಕಿಯವರು, ನಡುವೆ ಒಂದು ಹಿತ್ತಾಳೆಯ ತಟ್ಟೆ. ತಟ್ಟೆಯಲ್ಲಿ ನಿಜಾಮರ ಕಾಲದ ಒಂದು ಬೆಳ್ಳಿ ರೂಪಾಯಿ. ಮೇಲೆ ಚಾರ್ಮಿನಾರಿನ ಚಿತ್ರ. ಅಂಚಿನಲ್ಲಿ ಅರ್ಧಚಂದ್ರದ ಆಕಾರದಲ್ಲಿ ಒಂದು ತುಣುಕು ಇಲ್ಲ. ಯಾರೋ ಬಿಸ್ಕಿಟ್ ಕಚ್ಚಿದ ಹಾಗೆ.

ನಡೆದದ್ದು ಹೀಗೆ. ಗಂಡಿನ ಅಜ್ಜಿ ತುಳಸಾಬಾಯಿ ಸೊಸೆಯಾಗುವ ಹುಡುಗಿಯ ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ, ಕುಪ್ಪಸದ ಕಣದ ಜೊತೆಗೆ ಈ ರೂಪಾಯಿಯನ್ನೂ ಹಾಕಿದರು. ಅವರ ಮನೆಯಲ್ಲಿ ಎಲ್ಲ ಸೊಸೆಯಂದಿರಿಗೂ ಪೆಟ್ಟಿಗೆಯಿಂದ ಒಂದು ಬೆಳ್ಳಿ ರೂಪಾಯಿ ಹಾಕುವ ವಾಡಿಕೆ. ಅಜ್ಜಿಯ ಕಣ್ಣಿಗೆ ಮುಕ್ಕು ಕಾಣಲಿಲ್ಲ. ರೇಖಾಳ ಸೋದರತ್ತೆ ಗಂಗಾಬಾಯಿಗೆ ಕಂಡಿತು. ಗಂಗಾಬಾಯಿಯ ಕಣ್ಣಿಗೆ ಕಾಣದ್ದು ಈ ಭೂಮಿಯ ಮೇಲೆ ಇಲ್ಲ.

"ನೋಡ್ರಿ ಮ್ಯಾಡಮ್" ಎಂದು ಆಕೆ ನನ್ನನ್ನು ಕಂಡಕೂಡಲೇ ಶುರು ಮಾಡಿದಳು. "ಬೆಳ್ಳಿ ಕತ್ತರಿಸಿ ಇವರ ಮನಿ ಹೆಣಮಕ್ಕಳಿಗಿ ಕಾಲುಂಗುರ ಮಾಡಿಸ್ಯಾರ, ಉಳಿದ ತುಂಡು ನಮ್ಮ ಪೋರಿ ಉಡಿಗಿ ಹಾಕ್ಯಾರ! ಮೊದಲನೇ ದಿನನೇ ಹಿಂಗಾದ್ರ ಮುಂದ ಹ್ಯಾಂಗ? ಭಿನ್ನ ಆದ ವಸ್ತು ಉಡಿಗಿ ಹಾಕ್ತಾರೇನ್ರಿ ಯಾರಾದ್ರೂ?"

"ನಮ್ಮ ಮನ್ಯಾಗ ಬೆಳ್ಳಿಗಿ ಬರ ಬಂದಿಲ್ಲವ್ವಾ" ಎಂದರು ತುಳಸಾಬಾಯಿ, ಅತ್ತ ಮುಖ ತಿರುಗಿಸಿಕೊಂಡೇ. "ನಮ್ಮತ್ತಿ ಕೊಟ್ಟದ್ದು ಹಾಂಗೇ ಇಟ್ಟೀನಿ. ಕತ್ತರಿ ಹಚ್ಚಿದ್ರ ನನ್ನ ಕೈ ಬಿದ್ದುಹೋಗಲಿ."

ಗಲ್ಲಿಯ ಸರಾಫನನ್ನು ಕರೆಸಿದ್ದರು. ಆತ ತಕ್ಕಡಿಯಲ್ಲಿ ತೂಗಿ "ಕಮ್ಮಿ ಅದ, ಕತ್ತರಿಸ್ಯಾರ" ಎಂದುಬಿಟ್ಟಿದ್ದ. ಅಲ್ಲಿಗೆ ಬೆಂಕಿಗೆ ಎಣ್ಣೆ ಬಿತ್ತು. ಕುಶನೂರಿನವರು ಚಪ್ಪಲಿ ಹುಡುಕುತ್ತಿದ್ದರು. ಹಂಡೆಯಲ್ಲಿ ಹೂರಣ ಆರುತ್ತಿತ್ತು. ವಿನೋದ ಬಾಗಿಲಿಗೆ ಒರಗಿ ನಿಂತಿದ್ದ, ಪಾಪ, ಇಂಜೆಕ್ಷನ್ ನೋಡಿದ ಕರುವಿನ ಹಾಗೆ.

ನಾನು ಕಿಟಕಿಯ ಬೆಳಕಿಗೆ ಹೋಗಿ ಕುಳಿತೆ. ತೂಕದಿಂದ ಇದು ತಿಳಿಯುವ ವಿಷಯವಲ್ಲ. ಟಂಕಸಾಲೆಯಲ್ಲಿ ಲೋಹದ ಪಟ್ಟಿಯಿಂದ ಬಿಲ್ಲೆ ಕೊರೆಯುತ್ತಾರೆ. ಮೊದಲೇ ಕೊರೆದ ತೂತಿನ ಮೇಲೆ ಯಂತ್ರ ಮತ್ತೆ ಬಿದ್ದರೆ ಆ ಬಿಲ್ಲೆ ಹುಟ್ಟುವಾಗಲೇ ಮುಕ್ಕಾಗಿರುತ್ತದೆ, ತೂಕವೂ ಆಗಲೇ ಕಡಿಮೆ. ಇದಕ್ಕೆ ನಾವು ಕ್ಲಿಪ್ ಎನ್ನುತ್ತೇವೆ. ಹುಟ್ಟು ಕ್ಲಿಪ್ಪೋ ಆಮೇಲೆ ಕತ್ತರಿಸಿದ್ದೋ ಎಂದು ಕಂಡುಹಿಡಿಯಲು ಮುಕ್ಕನ್ನು ನೋಡಬಾರದು, ಅದರ ನೇರ ಎದುರಿನ ಅಂಚನ್ನು ನೋಡಬೇಕು. ಅಂಚನ್ನು ಒತ್ತಿ ಏಣು, ಅಂದರೆ ಸುತ್ತಲಿನ ಉಬ್ಬು ಗೆರೆ, ಎಬ್ಬಿಸುವಾಗ ಒಂದು ಕಡೆ ಲೋಹವಿಲ್ಲದಿದ್ದರೆ ಎದುರು ಕಡೆಗೂ ಒತ್ತಡ ಬೀಳುವುದಿಲ್ಲ, ಏಣು ಅಲ್ಲಿ ಮಂಕಾಗಿರುತ್ತದೆ. ಆಮೇಲೆ ಕತ್ತರಿಸಿದ ನಾಣ್ಯದಲ್ಲಿ ಎದುರಿನ ಏಣು ಗಟ್ಟಿಮುಟ್ಟಾಗಿಯೇ ಇರುತ್ತದೆ.

ನಾನು ನಾಣ್ಯ ತಿರುಗಿಸಿದೆ. ಎದುರಿನ ಏಣು ಅಲ್ಲಿ ಮಾತ್ರ ಕರಗಿದ ಮಂಜಿನಂತೆ ಮಾಯ! ಮುಕ್ಕಿನ ಹತ್ತಿರದ ಅಕ್ಷರ ಕೂಡ ಮೆತ್ತಗೆ ಅಗಲವಾಗಿ ಖಾಲಿ ಜಾಗದ ಕಡೆ ಹರಿದಿತ್ತು. ಅರದ ಗೀರು ಒಂದೂ ಇಲ್ಲ. ನನಗೆ ಕುಣಿಯಬೇಕೆನಿಸಿತು. ಸೀರೆ ಉಟ್ಟ ದೊಡ್ಡ ಹೆಂಗಸಾದ್ದರಿಂದ ಕುಣಿಯಲಿಲ್ಲ.

"ಇದನ್ನ ಯಾರೂ ಕತ್ತರಿಸಿಲ್ರಿ" ಎಂದೆ. "ಹುಟ್ಟಿದಾಗಿಂದ ಹಿಂಗೇ ಅದ. ಟಂಕಸಾಲಿಯೊಳಗೇ ಆದದ್ದು. ಹಂಡ್ರೆಡ್ ಪರ್ಸೆಂಟ್." ಭೂತಗನ್ನಡಿ ಕೈಯಿಂದ ಕೈಗೆ ಹೋಯಿತು. ಸರಾಫನೂ ನೋಡಿ "ಹೌದ್ರಿ, ಅರ ಹಾಕಿದ್ದಿಲ್ಲ" ಎಂದು ತಕ್ಕಡಿ ಚೀಲದಲ್ಲಿ ತುರುಕಿಕೊಂಡ. ತುಳಸಾಬಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಚಪ್ಪಲಿ ಹಾಕಿಕೊಂಡವರು ಬಿಟ್ಟರು. "ಎಲಿ ಹಾಕ್ರಿ, ಎಲಿ ಹಾಕ್ರಿ" ಎಂದು ಯಾರೋ ಕೂಗಿದರು. ರೇಖಾ ನನ್ನ ಕೈ ಹಿಡಿದು ಒತ್ತಿದಳು. ಎಲ್ಲ ಅಲ್ಲಿಗೇ ಮುಗಿಯಬೇಕಿತ್ತು.

ಅಷ್ಟರಲ್ಲಿ ಭೂತಗನ್ನಡಿ ಸಾಹೇಬರ ಕೈಗೆ ಹೋಗಿತ್ತು.

"ಯಾ ಅಲ್ಲಾ!" ಎಂದು ಸಾಹೇಬರು ಮಂಡಿ ನೋವು ಮರೆತು ಎದ್ದು ನಿಂತರು. "ಇಷ್ಟ್ ಸಾಫ್ ಕ್ಲಿಪ್ ನಾ ನೋಡೇ ಇಲ್ರಿ! ಚಾರ್ಮಿನಾರ್ ಮ್ಯಾಲ! ಬಂಬಯಿ ಶೌಕೀನ್ ಮಂದಿ ಓಡಿ ಬರ್ತಾರ ಇದಕ್ಕ! ಇದು ರೂಪಾಯಿ ಅಲ್ಲ, ಹೀರಾ! ಹೀರಾ!"

ಸೌಟು ಹಿಡಿದವರ ಕೈ ಅಲ್ಲೇ ನಿಂತಿತು.

ಮೊದಲು ಮಾತಾಡಿದವರು ತುಳಸಾಬಾಯಿ. ದನಿ ಜೇನಾಗಿತ್ತು. "ತಂಗಿ ರೇಖಾ, ಅದನ್ನ ಇಲ್ಲಿ ತಾರವ್ವಾ. ನಂದೇ ತಪ್ಪಾತು. ಮುಕ್ಕು ರೂಪಾಯಿ ಹಾಕಬಾರದಿತ್ತು ನಿನ್ನ ಉಡಿಗಿ. ಇಡೀದು ಒಂದು ಹಾಕ್ತೇನಿ."

"ಹ್ಯಾಂಗ ಕೊಡ್ತಾರ?" ಗಂಗಾಬಾಯಿ ನಡುವೆ ಬಂದು ನಿಂತಳು. "ಉಡಿಗಿ ಬಿದ್ದದ್ದು ತಿರುಗಿ ಹೋಗೂದಿಲ್ರಿ ಬೀಗರ. ರಿವಾಜ ಅದ."

"ಈಗರ ಭಿನ್ನ ಅಂದಿ?"

"ನಾ ಎಲ್ಲಿ ಅಂದೆ? ಸರಾಫ ಅಂದ."

"ನಾ ತೂಕ ಅಷ್ಟೇ ಹೇಳಿದೆರಿ" ಎಂದ ಸರಾಫ, ಬಾಗಿಲ ಕಡೆ ಜರುಗುತ್ತ.

ಮತ್ತೆ ಎರಡು ಗೋಡೆ, ಎರಡು ಗುಂಪು. ಮುಂಜಾನೆ ಯಾರಿಗೂ ಬೇಡವಾಗಿದ್ದ ರೂಪಾಯಿ ಈಗ ಇಬ್ಬರಿಗೂ ಬೇಕು. ಗಂಡಿನ ಕಡೆಯವರು ವಾಪಸ್ ಕೊಡದಿದ್ದರೆ ಸಂಬಂಧ ಬೇಡ ಎಂದರು. ಹೆಣ್ಣಿನ ಕಡೆಯವರು ವಾಪಸ್ ಕೇಳುವವರ ಮನೆ ಬೇಡ ಎಂದರು. ಚಪ್ಪಲಿಗಳು ಮತ್ತೆ ಕಾಲಿಗೆ ಬಂದವು.

ನಾನು ಎದ್ದು ನಿಜ ಹೇಳಿದೆ. ಸಾಹೇಬರ ಹೃದಯ ದೊಡ್ಡದು, ಮುಕ್ಕು ಸಣ್ಣದು. ಇಂಥ ಸಣ್ಣ ಕ್ಲಿಪ್ ಅಷ್ಟೇನೂ ಅಪರೂಪವಲ್ಲ. ಇಷ್ಟಪಟ್ಟವರು ಬೆಳ್ಳಿಯ ಬೆಲೆಯ ಮೇಲೆ ಒಂದು ಒಳ್ಳೆಯ ಸೀರೆಯ ದುಡ್ಡು ಕೊಟ್ಟರೆ ಹೆಚ್ಚು. ಸಾಹೇಬರು ನನ್ನನ್ನು ನಮಕ್ ಹರಾಮ್ ಎಂಬಂತೆ ನೋಡಿದರು. ಮಿಕ್ಕವರು ನಂಬಲೇ ಇಲ್ಲ.

"ಅವರ ಕಡಿಂದ ಏನ್ ತಗೊಂಡೀರಿ ಮ್ಯಾಡಮ್, ಬೆಲಿ ಇಳಸಾಕ?" ಎಂದಳು ಗಂಗಾಬಾಯಿ.

"ಮ್ಯಾಡಮ್ ಅವರ ಪೋರಿ ಕರೆಸಿದವರು, ಅವರಂಗೇ ಮಾತಾಡ್ತಾರ" ಎಂದರು ತುಳಸಾಬಾಯಿ. "ನಾವೂ ವಿಡಿಯೋ ನೋಡೀವ್ರಿ. ಲಕ್ಷ ಕೊಡ್ತಾರಂತ!"

ಒಂದೇ ಮಾತಿಗೆ ಎರಡೂ ಕಡೆಯಿಂದ ಲಂಚದ ಆರೋಪ! ನಲವತ್ತು ಸಲ ಹೇಳಿದರೂ ಅಷ್ಟೇ ಎಂದು ನಾನು ನೀರು ಕುಡಿಯಲು ಅಡುಗೆಮನೆಗೆ ಹೋದೆ. ರೇಖಾ ಹಿಂದೆಯೇ ಬಂದಳು. ರೂಪಾಯಿ ಅವಳ ಮುಷ್ಟಿಯಲ್ಲಿತ್ತು. ಮುಖ ತೊಳೆದುಕೊಂಡಿದ್ದಳು.

"ಮ್ಯಾಡಮ್, ಏನ್ ಮಾಡಿದ್ರ ಇದರ ಬೆಲಿ ಹೋಗ್ತದ್ರಿ?"

ಯಾಕೆ ಕೇಳಿದಳು ಎಂದು ಯೋಚಿಸುವಷ್ಟು ಬುದ್ಧಿ ನನಗೆ ಬೇಡವೇ? ಪಾಠದ ಪ್ರಶ್ನೆ ಕಿವಿಗೆ ಬಿದ್ದರೆ ಕಾನ್ವೆಂಟಿನ ಹುಡುಗಿ ಉತ್ತರ ಹೇಳಿಯೇ ಹೇಳುತ್ತಾಳೆ. ತಿಕ್ಕಬಾರದು, ಅರ ಹಾಕಬಾರದು, ತೂತು ಕೊರೆಯಬಾರದು, ಎಲ್ಲಕ್ಕಿಂತ ಹೆಚ್ಚಾಗಿ ಬೆಸುಗೆ ಹಾಕಿ ಕೊಂಡಿ ಕೂಡಿಸಬಾರದು, ಬೆಸುಗೆ ಬಿದ್ದ ನಾಣ್ಯವನ್ನು ಯಾವ ಕಲೆಕ್ಟರೂ ಮುಟ್ಟುವುದಿಲ್ಲ, ಫಿನಿಶ್ಡ್ ಎಂದು ಒಂದೇ ಉಸಿರಿಗೆ ಒಪ್ಪಿಸಿದೆ.

"ಥ್ಯಾಂಕ್ಸ್ ರಿ" ಎಂದಳು. ಹಿತ್ತಲ ಬಾಗಿಲಿನಲ್ಲಿ ವಿನೋದನ ಬೈಕ್ ಸದ್ದು ಮಾಡುತ್ತಿತ್ತು. ಅವಳು ನಿಶ್ಚಿತಾರ್ಥದ ಸೀರೆಯಲ್ಲೇ ಹಾರಿ ಕುಳಿತಳು. ಸರಾಫ ಗಲ್ಲಿಯ ತುದಿಯಲ್ಲಿ ಅಂಗಡಿಯ ಬಾಗಿಲು ತೆರೆಯುತ್ತಿದ್ದದ್ದು ಕಾಣಿಸಿತು. ಆಗ ಹೊಳೆಯಿತು ನನಗೆ. "ರೇಖಾ, ಡೋಂಟ್!" ಎಂದು ಕೂಗಬೇಕಿತ್ತು. ವೃತ್ತಿಧರ್ಮ ಅದು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಲೆಯ ಪಕ್ಕ ಕುಳಿತು ನಕ್ಕೆ, ಹೊಟ್ಟೆ ಹಿಡಿದುಕೊಂಡು ನಕ್ಕೆ.

ಒಳಗೆ ಜಗಳ ಯಾರ ಮುತ್ತಜ್ಜ ಯಾರಿಗೆ ಎತ್ತು ಕೊಟ್ಟಿದ್ದ ಎಂಬಲ್ಲಿಗೆ ಮುಟ್ಟಿತ್ತು. ಅವರಿಬ್ಬರು ಹೋಗಿ ಬಂದದ್ದು ಯಾರಿಗೂ ಗೊತ್ತಾಗಲಿಲ್ಲ. ರೇಖಾ ಪಡಸಾಲೆಯ ನಡುವೆ ಬಂದು ನಿಂತಳು. ಕೊರಳಲ್ಲಿ ಕರಿದಾರ, ದಾರದಲ್ಲಿ ಚಾರ್ಮಿನಾರ್ ರೂಪಾಯಿ. ಸರಾಫ ಕೊಂಡಿಯನ್ನು ಸರಿಯಾಗಿ ಆ ಮುಕ್ಕಿನೊಳಗೇ ಕೂರಿಸಿದ್ದ. ಬೆಸುಗೆಯ ಬಿಸಿ ಆರಿರಲಿಲ್ಲವೇನೋ, ವಿನೋದ ಪಕ್ಕದಲ್ಲಿ ನಿಂತು ಟವೆಲ್ಲಿನಿಂದ ಗಾಳಿ ಹಾಕುತ್ತಿದ್ದ.

"ಮ್ಯಾಡಮ್" ಎಂದಳು ಗಟ್ಟಿಯಾಗಿ. "ಎಲ್ಲಾರ ಮುಂದ ಹೇಳ್ರಿ. ಈಗ ಇದರ ಬೆಲಿ ಏನ್ರಿ?"

ನಾನು ಒಲೆಯ ಪಕ್ಕದಿಂದ ಎದ್ದು ಬಂದೆ, ಭೂತಗನ್ನಡಿ ಹಿಡಿದೆ, ಗಂಭೀರವಾಗಿ ನೋಡಿದೆ. "ಬೆಳ್ಳಿ ತೂಕದ ಬೆಲಿ, ಅಷ್ಟೇ" ಎಂದೆ. "ಬಂಬಯಿಂದ ಯಾರೂ ಬರೂದಿಲ್ಲ."

ಎಲ್ಲರೂ ಸಾಹೇಬರ ಕಡೆ ತಿರುಗಿದರು. ನನ್ನನ್ನು ನಂಬದವರು ಅವರನ್ನು ನಂಬುತ್ತಿದ್ದರು. ಸಾಹೇಬರು ಕೊಂಡಿ ನೋಡಿದರು, ಬೆಸುಗೆ ನೋಡಿದರು, ಟೋಪಿ ತೆಗೆದು ಎದೆಗೆ ಹಿಡಿದುಕೊಂಡರು. "ಖತಮ್" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಅದಕ್ಕಿಂತ ಒಳ್ಳೆಯ ಸರ್ಟಿಫಿಕೇಟ್ ಯಾರಿಗೆ ಬೇಕು?

"ಹಂಗಾದ್ರ ಜಗಳಾಡಾಕ ಏನೂ ಉಳೀಲಿಲ್ಲ" ಎಂದಳು ರೇಖಾ. "ಇದು ನನ್ನ ಉಡಿಗಿ ಬಿತ್ತು, ಈ ಮನ್ಯಾಗೇ ಇರ್ತದ. ಆಯಿ, ನಿಮಗೇನಾದ್ರೂ ಅನ್ನೂದದ ಏನ್ರಿ?"

ತುಳಸಾಬಾಯಿ ಹತ್ತಿರ ಬಂದು ಅವಳ ಕೊರಳನ್ನು ನೋಡಿದರು. "ನಮ್ಮತ್ತಿ ಇದ್ದಂಗ ಇದ್ದಾಳ" ಎಂದರು ಪಕ್ಕದವರಿಗೆ. ಹೊಗಳಿಕೆಯೋ ಬೈಗುಳವೋ ಯಾರಿಗೂ ತಿಳಿಯಲಿಲ್ಲ. ಆಮೇಲೆ "ಚಂದ ಕಾಣ್ತದ ಬಿಡು" ಎಂದು ತಾವೇ ಎಲೆ ಹಾಕಲು ಎದ್ದರು. ಗಂಗಾಬಾಯಿ ಮಾತ್ರ "ಕೊಂಡಿ ಕೂಡಿಸಿದ ರೊಕ್ಕ ಯಾರು ಕೊಟ್ಟಾರ?" ಎಂದು ಕೇಳಿದಳು. ವಿನೋದ ಕೈ ಎತ್ತಿದ. ಪಡಸಾಲೆ ಬಿದ್ದು ಬಿದ್ದು ನಕ್ಕಿತು.

ಸಾಹೇಬರು ಊಟಕ್ಕೆ ಕುಳಿತರೂ ಹೋಳಿಗೆ ಮುಟ್ಟಲಿಲ್ಲ. "ಬೆಸುಗಿ ಹಾಕಿದ್ರು ಮ್ಯಾಡಮ್, ಚಾರ್ಮಿನಾರ್ ಮ್ಯಾಲ ಬೆಸುಗಿ" ಎಂದು ನನ್ನ ಕಿವಿಯಲ್ಲಿ ಗೊಣಗುತ್ತಿದ್ದರು. ತುಪ್ಪ ಬಡಿಸಲು ಬಂದ ರೇಖಾ ಅವರ ಮುಂದೆ ಬಾಗಿದಳು. ಕೊರಳಿನ ರೂಪಾಯಿ ಸೆರಗಿನಿಂದ ಜಾರಿ ಸ್ಟೀಲ್ ಲೋಟಕ್ಕೆ ತಾಗಿ ಠಣ್ ಎಂದಿತು.

ಸಾಹೇಬರು ಕಣ್ಣು ಮುಚ್ಚಿ ಆ ಸದ್ದು ಪೂರ್ತಿ ಆರುವವರೆಗೂ ಕೇಳಿದರು.

"ಆವಾಜ್ ಮಾತ್ರ ಅಸಲಿ ಅದ, ಬೇಟಿ" ಎಂದರು. "ಹಾಕು, ಇನ್ನೊಂದ್ ಚಮಚಾ ತುಪ್ಪ ಹಾಕು."